ಇಪ್ಪತ್ತೊಂಬತ್ತನೆಯ ಸಂಜೆಗೊಂದು ದುರ್ಬೀನು

ನಮ್ಮ ಅಬ್ಬಾ ಅವರ ಕಣ್ಣು ಮಂದವಾಗುತ್ತಿದೆ ಎಂಬುದು ನನಗೆ ಗೊತ್ತಾದದ್ದು ಒಂದು ತಿರುಪಿನಿಂದ. ಕೈಗಡಿಯಾರದೊಳಗಿನ ತಿರುಪು ಎಷ್ಟು ದೊಡ್ಡದಿರುತ್ತದೆ? ಸಾಸಿವೆ ಕಾಳಿನ ಅರ್ಧವೂ ಇಲ್ಲ. ಅದನ್ನು ಚಿಮಟದಲ್ಲಿ ಹಿಡಿದು ತೂತಿಗೆ ಇಳಿಸುವ ಕೆಲಸವನ್ನು ಅವರು ಮೂವತ್ತು ವರ್ಷ ಗಿರಾಕಿಗಳೊಡನೆ ಹರಟುತ್ತಲೇ ಮಾಡಿದವರು. ಆ ದಿನ ಹರಟೆ ನಿಂತಿತು. ಎಡಗೈ ಬೆರಳ ತುದಿಯಿಂದ ತೂತನ್ನು ಮುಟ್ಟಿ ನೋಡಿಕೊಂಡು, ಅಂದಾಜಿನ ಮೇಲೆ ತಿರುಪು ಇಳಿಸಿದರು. ಅದು ಉರುಳಿ ಮೇಜಿನ ಮೇಲೆ, ಅವರ ಮೂಗಿನ ಕೆಳಗೇ ಬಿತ್ತು. ಅವರು ಬಗ್ಗಿ ನೆಲದ ಮೇಲೆ ಹುಡುಕತೊಡಗಿದರು.

ನಾನು ಪಕ್ಕದಲ್ಲಿ ಗೋಡೆ ಗಡಿಯಾರವೊಂದರ ಚಕ್ರಗಳನ್ನು ತೊಳೆಯುತ್ತ ಕೂತಿದ್ದೆ. ನೋಡಿಯೂ ನೋಡದವನ ಹಾಗೆ ಇದ್ದುಬಿಟ್ಟೆ. ನನಗಾಗ ಇಪ್ಪತ್ತೆರಡು ವರ್ಷ. ಚಿಂತೆ ಮಾಡುವುದರಲ್ಲಿ ಮಾತ್ರ ಅರವತ್ತು. ಸಣ್ಣವನಿದ್ದಾಗ ಅಂಗಡಿಯ ಗಡಿಯಾರಗಳಲ್ಲಿ ಒಂದು ಟಿಕ್ ಅನ್ನದಿದ್ದರೂ ಎದ್ದು ಹೋಗಿ ಅದಕ್ಕೆ ಕಿವಿ ಹಚ್ಚುತ್ತಿದ್ದೆ. ಅಂಥವನ ಕಣ್ಣಿಗೇ ಇದು ಬೀಳಬೇಕೇ? ಅವರು ಒಳಗೆ ಕೈ ತೊಳೆಯಲು ಹೋದಾಗ ಆ ತಿರುಪನ್ನು ನಾನೇ ಹಾಕಿ ಬಿಗಿಮಾಡಿದೆ. ಬಂದವರು ಗಡಿಯಾರ ಕಿವಿಗಿಟ್ಟುಕೊಂಡು ಕೇಳಿ, "ಹೂಂ, ಕೂತೈತಿ," ಎಂದರು.

ನಮ್ಮದು ಹೆಬ್ಬಳ್ಳಿ ಕಡೆಯಿಂದ ಹುಬ್ಬಳ್ಳಿಗೆ ಬಂದ ಮನೆತನ. ಮನೆಯೊಳಗೂ ಮಾತು ಕನ್ನಡವೇ. ಸಿಟ್ಟು ಬಂದಾಗ ಮತ್ತು ದೇವರನ್ನು ನೆನೆದಾಗ ಮಾತ್ರ ಉರ್ದು. ಹಳೇ ಹುಬ್ಬಳ್ಳಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಊರವರು ಅಬ್ಬಾ ಅವರನ್ನು ಉಸ್ತಾದ ಎನ್ನುತ್ತಿದ್ದರು. ಅವರ ಕೈಗಿಂತ ಕಣ್ಣಿನ ಹೆಸರು ದೊಡ್ಡದು. ಆ ಹೆಸರಿಗೆ ಕಾರಣ ಗಡಿಯಾರಕ್ಕಿಂತ ಹೆಚ್ಚಾಗಿ ಚಂದ್ರ.

ರಮಜಾನ್ ತಿಂಗಳ ಇಪ್ಪತ್ತೊಂಬತ್ತನೆಯ ರೋಜಾ ಮುಗಿದ ಸಂಜೆ ಪಡುವಣದಲ್ಲಿ ಚಂದ್ರ ಕಂಡರೆ ಮರುದಿನ ಈದ್. ಕಾಣದಿದ್ದರೆ ಇನ್ನೊಂದು ದಿನ ಉಪವಾಸ. ಇದಕ್ಕೆ ಪಂಚಾಂಗ ನಡೆಯುವುದಿಲ್ಲ. ಕಂಡವರು, ಕಡಿಮೆಯೆಂದರೆ ಇಬ್ಬರು, ಮುಂದೆ ಬಂದು, ಕಂಡೆ ಎಂದು ಸಾಕ್ಷಿ ಹೇಳಬೇಕು. ನಮ್ಮ ಮೊಹಲ್ಲಾದ ಹಿರಿಯರು ಆ ಸಂಜೆ ಗೋಪನಕೊಪ್ಪದ ಹತ್ತಿರದ ಒಂದು ದಿಬ್ಬಕ್ಕೆ ಹೋಗುತ್ತಿದ್ದರು. ಆಗ ಆ ಕಡೆಯೆಲ್ಲ ಬಯಲು, ಹೊಲ, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಮಸೀದಿಯ ಮೌಲ್ವಿ ಸಾಹೇಬರು ಮೊದಲು ತಿರುಗಿ ನೋಡುತ್ತಿದ್ದುದು ಅಬ್ಬಾ ಅವರ ಕಡೆಗೆ. ಉಸ್ತಾದ ಕಂಡಿತು ಎಂದರೆ ಕಂಡಿತು. ಅಷ್ಟಾದ ಮೇಲೆ ಉಳಿದವರು ಸಾವಕಾಶವಾಗಿ ಅವರ ಬೆರಳಿನ ನೇರಕ್ಕೆ ಕಣ್ಣು ಹಾಯಿಸಿ, ಹೌದು ಹೌದು ಎನ್ನುತ್ತಿದ್ದರು.

ತಿರುಪು ಬಿದ್ದ ದಿನದಿಂದ ನನಗೆ ಹಿಂದಿನ ವರ್ಷದ ಚಂದ್ರ ನೆನಪಾಗಿ ಕಾಡತೊಡಗಿತು. ಆ ಸಂಜೆ ಅಬ್ಬಾ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಎಲ್ಲೆ ಐತಿ? ಆ ಜಾಲಿಗಿಡದ ಬಲಕ್ಕಲ್ಲ?" ಎಂದಿದ್ದರು. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಜಂಬದಿಂದ, "ಹೌದ್ರಿ ಅಬ್ಬಾ, ಒಂದು ಗೇಣು ಮ್ಯಾಲ," ಎಂದಿದ್ದೆ. ಅವರು ಕೂಡಲೇ ಕೈಯೆತ್ತಿ, "ಕಂಡೀತ್ರೀ!" ಎಂದು ಕೂಗಿದ್ದರು. ಆ ವರ್ಷ ಆಕಾಶ ತಿಳಿಯಾಗಿತ್ತು, ಚಂದ್ರ ಹತ್ತಾರು ಮಂದಿಗೆ ಕಂಡಿತ್ತು, ಹಬ್ಬಕ್ಕೆ ಏನೂ ಕೊರತೆಯಾಗಲಿಲ್ಲ. ಆದರೆ ಅವರಿಗೆ ಕಂಡಿತ್ತೇ? ಆ ಪ್ರಶ್ನೆ ಒಮ್ಮೆ ತಲೆಯೊಳಗೆ ಹೊಕ್ಕ ಮೇಲೆ ನನಗೆ ರಾತ್ರಿ ನಿದ್ದೆ ಹತ್ತದಾಯಿತು.

ಮಹಾಯುದ್ಧ ಮುಗಿದ ಮರುವರ್ಷ ಅದು. ರಮಜಾನ್ ಬಂದದ್ದು ಮಳೆಗಾಲದಲ್ಲಿ, ಶ್ರಾವಣದ ಜೊತೆಜೊತೆಗೇ. ಒಂದು ಬೆಳಿಗ್ಗೆ ಅಬ್ಬಾ ಅಂಗಡಿಯ ಬಾಗಿಲು ತೆಗೆಯುತ್ತ, ಹಿಂದೆ ಮುಂದೆ ಏನೂ ಇಲ್ಲದೆ, "ಈ ಸಲ ಮೊಹಲ್ಲಾಕ್ಕ ಒಂದು ದುರ್ಬೀನ ತರೂಣು," ಎಂದರು. "ಈಗಿನ ಹುಡುಗೂರ ಕಣ್ಣಾಗ ದಮ್ಮ ಇಲ್ಲ. ಹೋದ ವರ್ಷ ನಾ ಕೈ ಮಾಡಿ ತೋರಸಿದ್ರೂ ಅರ್ಧ ಮಂದಿಗೆ ಕಾಣ್ಲಿಲ್ಲ."

ನಾನು "ಹೂಂ" ಎಂದೆ. ಹುಡುಗರ ಕಣ್ಣಂತೆ! ನಗು ಬರಬೇಕಾದ ಮಾತು, ಬರಲಿಲ್ಲ.

ಅಮ್ಮನಿಗೆ ಎಲ್ಲ ಗೊತ್ತಿತ್ತು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು, ದನಿ ತಗ್ಗಿಸಿ ಹೇಳಿದಳು: "ಮೊದಲ ನನ್ನ ಸೂಜಿಗೆ ದಾರ ಪೋಣಿಸಿ ಕೊಡತಿದ್ರು. ಈಗ ನಾನ ಕೇಳೂದ ಬಿಟ್ಟೇನಿ. ಅಂಗಡಿ ಚಿಂತಿ ನನಗಿಲ್ಲ, ನೀ ಅದೀ. ಚಂದ್ರನ ಚಿಂತಿ ಐತಿ ನೋಡು. ಎಲ್ಲಾರೂ ಉಸ್ತಾದ, ಉಸ್ತಾದ ಅಂತ ಮಾರಿ ನೋಡಕೋತ ನಿಂತಾಗ, ಕಾಣಲಾರದ್ದನ್ನ ಕಂಡೀತು ಅಂದುಬಿಟ್ರ? ಇಡೀ ಮೊಹಲ್ಲಾದ ಒಂದು ರೋಜಾ ಇವರ ಕೊರಳಿಗೆ ಬೀಳತೈತಿ. ಅಲ್ಲಾಹ್‌ಗ ಏನಂತ ಜವಾಬು ಕೊಡ್ತಾರ?"

"ಅಬ್ಬಾ ಹಂಗ ಅನ್ನೂದಿಲ್ಲ ಬಿಡು," ಎಂದೆ.

"ಅನ್ನೂದಿಲ್ಲ ಅಂತ ನಿನಗ ನಂಬಿಗಿ ಐತೇನು?"

ಅಬ್ಬಾ ಮಾನವಂತ ಮನುಷ್ಯ. ಮೂವತ್ತು ವರ್ಷದ ಹೆಸರು ಮುರಿಯುವ ಹೊತ್ತಿನಲ್ಲಿ ಅವರ ನಾಲಗೆ ಎತ್ತ ಹೊರಳೀತು ಎಂದು ಮಗನಾದ ನನಗೇ ತಿಳಿದಿರಲಿಲ್ಲ. ಅಮ್ಮ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿ, "ಛಲೋ ದುರ್ಬೀನ ನೋಡಿ ತಾ. ಅವರ ಕಣ್ಣಿಗೆ ಖರೇನ ಕಾಣೂವಂಥಾದ್ದು," ಎಂದಳು.

ದುರ್ಬೀನು ಇದ್ದದ್ದು ನಮ್ಮ ಗಿರಾಕಿಯಾದ ಒಬ್ಬ ಅರಳೆ ವ್ಯಾಪಾರಿಗಳ ಹತ್ತಿರ. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆ, ಯಾವಾಗಲೂ ನಗುಮುಖ. ಅರಳೆ ಅಂಡಿಗೆಗಳ ಮೇಲೆ ಹೊದಿಸಲು ಅವರು ಮಿಲಿಟರಿ ಸಾಮಾನಿನ ಹರಾಜಿನಲ್ಲಿ ತಾಡಪತ್ರಿಗಳನ್ನು ಹಿಡಿದಿದ್ದರು. ಆ ಗಂಟಿನೊಡನೆ ಒಂದು ಕಟ್ಟಿಗೆ ಪೆಟ್ಟಿಗೆಯೂ ಬಂದಿತ್ತು. ಅದರಲ್ಲಿ ಒಡೆದ ಲಾಟೀನು, ತುಕ್ಕು ಹಿಡಿದ ಬೆಲ್ಟಿನ ಬಕ್ಕಲು, ಮೂರು ದುರ್ಬೀನು. ಅಬ್ಬಾ ಜೀವ ಕೊಟ್ಟಿದ್ದ ಒಂದು ಹಳೆಯ ಗೋಡೆ ಗಡಿಯಾರದ ಮೇಲೆ ಈ ಸಾವ್ಕಾರರಿಗೆ ಬಹಳ ದಿನದಿಂದ ಕಣ್ಣಿತ್ತು. ಅದನ್ನು ಕೊಟ್ಟು ಒಂದು ದುರ್ಬೀನು ತರುವುದೆಂದು ಹಿರಿಯರಿಬ್ಬರಲ್ಲಿ ಮಾತಾಯಿತು. ಆರಿಸುವ ಕೆಲಸ ನನಗೆ ಬಿತ್ತು. "ನೀ ಹೋಗು. ನನಗ ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ," ಎಂದರು ಅಬ್ಬಾ. ನಾಲ್ಕು ಮಂದಿಯ ಎದುರಿಗೆ ದುರ್ಬೀನು ಕಣ್ಣಿಗಿಟ್ಟುಕೊಳ್ಳಲು ಅವರು ಹೆದರಿದ್ದರು. ಅದು ನನಗೆ ಗೊತ್ತಿತ್ತು.

ಗಡಿಯಾರ ಹೊತ್ತು ಹೋದೆ. ನಡು ಮಧ್ಯಾಹ್ನ, ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಸಾವ್ಕಾರರು ಮಾಳಿಗೆಗೆ ಕರೆದೊಯ್ದು, ಗಾದಿಯ ಮೇಲೆ ಮೂರನ್ನೂ ಸಾಲಾಗಿಟ್ಟು, "ನೋಡಪಾ ತಮ್ಮಾ, ಯಾವುದು ಮನಸಿಗೆ ಬರತೈತಿ ಅದನ್ನ ಒಯ್ಯಿ," ಎಂದರು.

ಒಂದು, ಅಂಗೈಯಲ್ಲಿ ಹಿಡಿಸುವ ಚಿಕ್ಕದು. ಮೈಗೆಲ್ಲ ಮುತ್ತಿನ ಚಿಪ್ಪಿನ ಹೊಳಪು. ಯಾವ ಅಧಿಕಾರಿಯ ಹೆಂಡತಿ ಅದನ್ನು ಹಿಡಿದು ನಾಟಕ ನೋಡಿದ್ದಳೋ, ಅದು ಹೇಗೆ ತಾಡಪತ್ರಿಯ ಜೊತೆ ಬಿತ್ತೋ. ಅದನ್ನು ಮೊದಲೇ ಬದಿಗಿಟ್ಟೆ. ಎರಡನೆಯದು ಕರಿಯದು, ಭಾರದ್ದು, ಮುಂದಿನ ಗಾಜುಗಳು ಚಹಾದ ಕಪ್ಪಿನ ತಳದಷ್ಟು ಅಗಲ. ಅದರ ಮೇಲೆ ಏಳು, ಐವತ್ತು ಎಂದು ಎರಡು ಅಂಕಿ ಕೊರೆದಿದ್ದವು. ಮೂರನೆಯದು ತೆಳ್ಳಗೆ, ಚೊಕ್ಕಾಗಿ, ಚರ್ಮದ ಚೀಲದಲ್ಲಿ ಇತ್ತು. ಅದರ ಮೇಲೆ ಹನ್ನೆರಡು, ಮೂವತ್ತು.

ಎದುರಿಗೆ ಬಹಳ ದೂರದಲ್ಲಿ ಹತ್ತಿ ಗಿರಣಿಯ ಇಟ್ಟಿಗೆಯ ಚಿಮಣಿ ಕಾಣುತ್ತಿತ್ತು. ಕರಿಯದರಲ್ಲಿ ನೋಡಿದೆ. ಚಿಮಣಿ ಹತ್ತಿರ ಬಂತು, ಏಣಿಯ ಮೆಟ್ಟಿಲು ಕಂಡವು. ಹನ್ನೆರಡರದರಲ್ಲಿ ನೋಡಿದೆ. ಮೆಟ್ಟಿಲಿಗೆ ಬಡಿದ ಮೊಳೆಯ ತಲೆ ಕಂಡಿತು. ಅದರ ಮೇಲೆ ಕೂತ ಕಾಗೆ ರೆಕ್ಕೆ ಕೆದರಿದ್ದು ಕಂಡಿತು. ನನಗೆ ಇನ್ನೇನು ಬೇಕು? ನಾನು ಹುಟ್ಟಿದಾಗಿನಿಂದ ಭೂತಗನ್ನಡಿಯ ನಡುವೆ ಬೆಳೆದವನು. ಗಡಿಯಾರದವನಿಗೆ ಗಾಜು ಎಂದರೆ ಸಣ್ಣದನ್ನು ದೊಡ್ಡದು ಮಾಡುವುದು. ಹೆಚ್ಚು ದೊಡ್ಡದು ಮಾಡಿದ್ದು ಹೆಚ್ಚು ಒಳ್ಳೆಯ ಗಾಜು. ಚಂದ್ರನೋ ಉಗುರಿನ ಅಂಚಿನಷ್ಟು ತೆಳುವಾದ ಗೆರೆ, ಅಬ್ಬಾ ಅವರ ಕಣ್ಣೋ ಮಂದ. ಏಳು ಪಟ್ಟು ಎಲ್ಲಿ, ಹನ್ನೆರಡು ಪಟ್ಟು ಎಲ್ಲಿ!

"ಇದರ ಮ್ಯಾಲ ಐವತ್ತು ಐತಲ್ಲೋ," ಎಂದು ಸಾವ್ಕಾರರು ಕರಿಯದನ್ನು ತೋರಿಸಿದರು. "ಐವತ್ತು ದೊಡ್ಡದಲ್ಲೇನು?"

"ಅದು ಬರೇ ಗಾಜಿನ ಅಗಲರಿ ಸಾವ್ಕಾರ್ರ. ಅಗಲ ಕಟಗೊಂಡು ಏನ ಮಾಡೂದ್ರಿ?" ಎಂದೆ, ಬಲ್ಲವನ ಗತ್ತಿನಲ್ಲಿ. ಆ ಮಾತು ನೆನಪಾದಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅವರು ಅಷ್ಟಕ್ಕೇ ಬಿಡಲಿಲ್ಲ. "ಅಲ್ಲಪಾ, ನೀವು ಚಂದ್ರನ್ನ ನೋಡೂದು ಹೊತ್ತು ಮುಳಗಿದ ಮ್ಯಾಲಲ್ಲ? ಆ ಹೊತ್ತಿನ್ಯಾಗ ಒಮ್ಮೆ ಬಂದು ನೋಡಿ ಒಯ್ಯಿ," ಎಂದರು.

ನಾನು ತಬ್ಬಿಬ್ಬಾದೆ. ಹೊತ್ತು ಮುಳುಗುವ ಹೊತ್ತು ಎಂದರೆ ರೋಜಾ ಬಿಡುವ ಹೊತ್ತು. ಇಡೀ ದಿನ ನೀರು ಮುಟ್ಟದವನು ಆ ಗಳಿಗೆಯಲ್ಲಿ ಖಜೂರ, ನೀರು ಮುಂದಿಟ್ಟುಕೊಂಡು ಮಸೀದಿಯ ಬಾಂಗಿಗೆ ಕಿವಿಗೊಟ್ಟು ಕೂತಿರುತ್ತಾನೆ. ಅದು ಮುಗಿಯುತ್ತಲೇ ನಮಾಜು. ತಿಂಗಳಿಡೀ ಆ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ. ಅವರಿಗೂ ಶ್ರಾವಣ, ದಿನಾ ಸಂಜೆ ಮಠದಲ್ಲಿ ಪುರಾಣ. "ನಾನೂ ಸಂಜೀಗೆ ಮನ್ಯಾಗ ಇರೂದಿಲ್ಲ ನೋಡು," ಎಂದು ಅವರೇ ನೆನಪು ಮಾಡಿಕೊಂಡು ನಕ್ಕರು. ಉಳಿದೆರಡು ದುರ್ಬೀನು ಮರುದಿನ ಗದಗಿನ ಬೀಗರ ಮನೆಗೆ ಹೋಗುವುದಿತ್ತು. ಹೀಗಾಗಿ ಮುಸ್ಸಂಜೆಗೆ ಬೇಕಾದ ವಸ್ತುವನ್ನು ನಾನು ಮಟಮಟ ಮಧ್ಯಾಹ್ನ ಆರಿಸಿದೆ. ಭಾರದ್ದು ಅಬ್ಬಾ ಅವರ ಕೈಯಲ್ಲಿ ನಡುಗೀತು, ಹಗುರದ್ದೇ ಒಳ್ಳೆಯದು ಎಂದು ನನಗೆ ನಾನೇ ಇನ್ನೊಂದು ಕಾರಣವನ್ನೂ ಹೇಳಿಕೊಂಡೆ.

ಅಬ್ಬಾ ಅಂಗಡಿಯ ಕಟ್ಟೆಯ ಮೇಲೆ ನಿಂತು ಅದರಲ್ಲಿ ಮಸೀದಿಯ ಮಿನಾರು ನೋಡಿದರು. ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಪಾರಿವಾಳ ಕುಂತಾವ," ಎಂದರು. ಎಷ್ಟು ಎಂದು ನಾನು ಕೇಳಲಿಲ್ಲ. "ಛಲೋ ಆರಿಸಿ ತಂದೀ," ಎಂದು ಬೆನ್ನು ತಟ್ಟಿದರು. ಆ ರಾತ್ರಿ ನಾನು ತಿಂಗಳಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದೆ.

ನೆಮ್ಮದಿ ನಾಲ್ಕು ದಿನ ಬಾಳಲಿಲ್ಲ. ಸಾವ್ಕಾರರ ಮಾತು ತಲೆಯಲ್ಲಿ ಕೊರೆಯತೊಡಗಿತು. ಒಂದು ಸಂಜೆ ನಮಾಜು ಮುಗಿಸಿದವನೇ ಮಾಳಿಗೆ ಹತ್ತಿ ದುರ್ಬೀನು ಎತ್ತಿದೆ. ಎಲ್ಲ ಮಸಿ. ಮೋಡವಿತ್ತು, ಕತ್ತಲೆಯೂ ಹೆಚ್ಚೇ ಆಗಿತ್ತು. ಇದು ದುರ್ಬೀನಿನ ತಪ್ಪಲ್ಲ, ಮಳೆಗಾಲದ ತಪ್ಪು ಎಂದು ಕೆಳಗಿಳಿದೆ. ಚಿಂತೆ ಮಾಡುವವನಿಗೆ ಸಮಾಧಾನ ಮಾಡಿಕೊಳ್ಳುವ ವಿದ್ಯೆಯೂ ಬರುತ್ತದೆ. ಎಚ್ಚರ ಬೇಕಾದ ಹೊತ್ತಿನಲ್ಲೇ ಅದು ಮಲಗಿಸಿಬಿಡುತ್ತದೆ.

ಅದರ ಮೇಲೆ ಇನ್ನೊಂದಾಯಿತು. ದುರ್ಬೀನಿನ ಸುದ್ದಿ ಕೇಳಿ ಮೌಲ್ವಿ ಸಾಹೇಬರು ಮಸೀದಿಯಲ್ಲಿ ಎಲ್ಲರ ಮುಂದೆ, "ತರ್ರಿ, ಅಡ್ಡಿ ಇಲ್ಲ," ಎಂದರು. "ಆದ್ರ ದುರ್ಬೀನ ಚಂದ್ರ ಎಲ್ಲೆ ಐತಿ ಅಂತ ಹುಡುಕಾಕ ಅಷ್ಟ. ಸಾಕ್ಷಿ ಹೇಳಾವಗ ಬರೇ ಕಣ್ಣಿಗೆ ಕಾಣಬೇಕು." ಬೇರೆ ಊರುಗಳಲ್ಲಿ ಏನು ಪದ್ಧತಿಯೋ; ನಮ್ಮ ಮೌಲ್ವಿ ಸಾಹೇಬರದು ಇದು. ನಾನು ಅಬ್ಬಾ ಅವರ ಮುಖ ನೋಡಿದೆ. ಅವರು ತಲೆದೂಗುತ್ತಿದ್ದರು, ಕೈ ಮಾತ್ರ ಜುಬ್ಬಾದ ಗುಂಡಿಯನ್ನು ತಿರುವುತ್ತಿತ್ತು. ಈಗ ನನ್ನ ಭಯಕ್ಕೆ ಪೂರ್ತಿ ಆಕಾರ ಬಂತು. ದುರ್ಬೀನಿನಲ್ಲಿ ಚಂದ್ರ ಸಿಕ್ಕರೆ ಅವರು ಅದನ್ನು ಕೆಳಗಿಳಿಸಿ, ಬರಿಗಣ್ಣಿಗೂ ಕಂಡಿತು ಎನ್ನುತ್ತಾರೆ. ಯಾರು ಅವರ ಕಣ್ಣೊಳಗೆ ಹೊಕ್ಕು ನೋಡುತ್ತಾರೆ? ಅಮ್ಮ ಹೆದರಿದ್ದ ಸುಳ್ಳಿಗೆ ನಾನೇ ಚರ್ಮದ ಚೀಲ ಸಮೇತ ಸಾಧನ ತಂದುಕೊಟ್ಟಿದ್ದೆ.

ಇಪ್ಪತ್ತೊಂಬತ್ತನೆಯ ದಿನ ಬಂತು. ಮಧ್ಯಾಹ್ನದವರೆಗೆ ಜಿಟಿಜಿಟಿ ಮಳೆ. ದಿನದ ಮೂರನೆಯ ನಮಾಜು ಮುಗಿಸಿ ಇಪ್ಪತ್ತು ಮೂವತ್ತು ಮಂದಿ ದಿಬ್ಬದ ಕಡೆ ಹೊರಟೆವು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಒಂದೊಂದು ಮಣ ಭಾರವಾಗಿತ್ತು. ಅಬ್ಬಾ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಮುಂದೆ ಮುಂದೆ ನಡೆದರು. ಹಾದಿಯ ಗುಂಡಿ ಅವರಿಗೆ ಕಾಣುತ್ತದೋ ಇಲ್ಲವೋ ಎಂದು ನಾನು ಅವರ ಕಾಲುಗಳನ್ನೇ ನೋಡುತ್ತ ಹಿಂದೆ ಹೋದೆ.

ದಿಬ್ಬದ ಮೇಲೆ ತಾಡಪತ್ರಿ ಹಾಸಿ ರೋಜಾ ಬಿಟ್ಟೆವು, ನಮಾಜು ಮಾಡಿದೆವು. ಎದ್ದು ಪಡುವಣಕ್ಕೆ ತಿರುಗಿದರೆ ಮೋಡಗಳ ನಡುವೆ ಒಂದು ಕಡೆ ಬಿರುಕು ಬಿಟ್ಟು, ಬೂದಿ ಬಣ್ಣದ ಆಕಾಶ ಕಾಣುತ್ತಿತ್ತು. "ಐತಿ, ಜಾಗಾ ಐತಿ," ಎಂದು ಯಾರೋ ಅಂದರು. ಚಂದ್ರ ಕಾಣಬೇಕಾದರೆ ಆ ಬಿರುಕಿನಲ್ಲಿಯೇ ಕಾಣಬೇಕು, ಅದೂ ಕಾಲು ತಾಸಿನೊಳಗೆ. ಅಬ್ಬಾ ದುರ್ಬೀನನ್ನು ನನ್ನ ಕೈಗೆ ಕೊಟ್ಟು, "ಮೊದಲ ನೀ ಹುಡುಕು," ಎಂದರು.

ಕಣ್ಣಿಗಿಟ್ಟೆ. ಬರಿಗಣ್ಣಿಗೆ ಬೂದಿಯಾಗಿದ್ದ ಆಕಾಶ ಅದರೊಳಗೆ ಕಪ್ಪಾಗಿತ್ತು. ಕಾಣುವ ಜಾಗ ಒಂದು ತಟ್ಟೆಯಷ್ಟು. ಆ ತಟ್ಟೆಯೂ ನನ್ನ ಕೈ ಒಂದಿಷ್ಟು ಕದಲಿದರೂ ಜಿಗಿಯುತ್ತಿತ್ತು. ಬಿರುಕು ಎಲ್ಲಿ ಹೋಯಿತು? ಮೋಡ ಯಾವುದು, ಹೊಲದ ಅಂಚು ಯಾವುದು? ಗಿರಣಿಯ ಕಾಗೆಯ ರೆಕ್ಕೆ ತೋರಿಸಿದ ಗಾಜು ಈಗ ಏನನ್ನೂ ತೋರಿಸಲೊಲ್ಲದು. ಅಲ್ಲಿ, ಆ ಕೆಸರಲ್ಲಿ ನಿಂತಾಗಲೇ ನನಗೆ ಐವತ್ತರ ಅರ್ಥವಾದದ್ದು. ಅಗಲ ಬಾಯಿಯ ಪಾತ್ರೆಯಲ್ಲಿ ಮಳೆನೀರು ಹೆಚ್ಚು ನಿಲ್ಲುವ ಹಾಗೆ ಅಗಲ ಗಾಜಿನಲ್ಲಿ ಬೆಳಕು ಹೆಚ್ಚು ನಿಲ್ಲುತ್ತದೆ. ಲಾಟೀನು ಪಕ್ಕಕ್ಕಿಟ್ಟುಕೊಂಡು ಕೆಲಸ ಮಾಡುವ ಗಡಿಯಾರದವನು ಬೆಳಕಿನ ಲೆಕ್ಕ ಇಡುವುದೇ ಇಲ್ಲ. ಭಾರವಾದದ್ದು ಕೈಯಲ್ಲಿ ಕದಲದೆಯೂ ನಿಲ್ಲುತ್ತಿತ್ತು. ಅದು ಈಗ ಗದಗಿನಲ್ಲಿ ಯಾರ ಮನೆಯ ಗೂಟಕ್ಕೆ ತೂಗುತ್ತಿತ್ತೋ.

"ಏನೂ ತಿಳಿವಲ್ದ್ರಿ ಅಬ್ಬಾ," ಎಂದೆ.

ಅವರು ದುರ್ಬೀನು ತೆಗೆದುಕೊಂಡರು. ಕಾಲು ಅಗಲಿಸಿ ನಿಂತು ನೋಡಿದರು. ಈದ್ ನಾಳೆಯೋ ನಾಡಿದ್ದೋ ಎಂದು ಕಾಯುವವರಿಗೆ ಎಷ್ಟು ಆಸೆ ಇರುತ್ತದೆ! ಮನೆಗಳಲ್ಲಿ ಶಾವಿಗೆ ಹುರಿದು ಇಟ್ಟಿದ್ದರು, ಮಕ್ಕಳು ಹೊಸ ಅಂಗಿ ತೆಗೆದು ನೋಡಿ ಮತ್ತೆ ಮಡಚಿ ಇಟ್ಟಿದ್ದರು. ಎಲ್ಲರ ಮುಖವೂ ಪಡುವಣ ಬಿಟ್ಟು ಅಬ್ಬಾ ಅವರ ಕಡೆಗೇ ತಿರುಗಿತ್ತು. ಅವರು ದುರ್ಬೀನು ಇಳಿಸಿದರು. ಬರಿಗಣ್ಣಿನಿಂದ ನೋಡಿದರು. ಈಗ ಅನ್ನುತ್ತಾರೆ, ಈಗ ಕೈಯೆತ್ತುತ್ತಾರೆ ಎಂದು ನಾನು ಅವರ ತುಟಿಯನ್ನೇ ನೋಡುತ್ತಿದ್ದೆ.

"ಏನ್ರಿ ಉಸ್ತಾದ, ಕಂಡೀತೇನ್ರಿ?" ಎಂದು ಮೌಲ್ವಿ ಸಾಹೇಬರು ಕೇಳಿದರು.

ಅಬ್ಬಾ ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, ಅಂಗಡಿಯಲ್ಲಿ ಗಿರಾಕಿಗೆ ಈ ಗಡಿಯಾರ ರಿಪೇರಿ ಆಗುವುದಿಲ್ಲ ಎಂದು ಹೇಳುವ ದನಿಯಲ್ಲಿ ಹೇಳಿದರು: "ಇಲ್ರಿ. ಇದರಾಗೂ ಕಾಣವಲ್ದು, ಬರೇ ಕಣ್ಣಿಗೂ ಕಾಣವಲ್ದು. ನನ್ನ ಕಣ್ಣ ಹೋಗ್ಯಾವ್ರಿ. ಹೋದ ವರ್ಷಾನೂ ನನಗ ಕಂಡಿದ್ದಿಲ್ಲ. ಮಗನ್ನ ಕೇಳಿ, ಕಂಡೀತು ಅಂದಿದ್ದೆ. ಅದು ನನ್ನ ತಪ್ಪು. ಮಾಫ್ ಮಾಡ್ರಿ."

ಮೌಲ್ವಿ ಸಾಹೇಬರು ಅವರ ಹತ್ತಿರ ಬಂದು, "ಹೋದ ವರ್ಷ ನಮಗೆಲ್ಲಾರಿಗೂ ಕಂಡಿತ್ತು. ಹಬ್ಬಕ್ಕ ಏನೂ ಆಗಿಲ್ಲ. ನಿಮ್ಮ ಮಾತಿನ ತಪ್ಪು ನಿಮ್ಮದು, ಅಲ್ಲಾಹ್‌ನ ಮುಂದ ತೋಬಾ ಮಾಡಕೋರಿ, ಆತು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ನೋಡು ಬೇಟಾ. ದುರ್ಬೀನ ಬಿಡು. ನಿನ್ನ ಕಣ್ಣಿಗೆ ಏನರ ಕಾಣಸ್ತೈತೇನು?"

ನೋಡಿದೆ. ಬಿರುಕು ಮುಚ್ಚುತ್ತ ಬಂದಿತ್ತು. ಅದರ ಕೆಳ ಅಂಚಿನಲ್ಲಿ ಒಂದು ತೆಳು ಗೀರು. ಇತ್ತು. ಇತ್ತೇ? ಕಣ್ಣು ಮಿಟುಕಿಸಿದೆ, ಮೋಡ ಅದರ ಮೇಲೆ ಸರಿಯಿತು. ಚಂದ್ರನೋ, ಬೆಳಕು ತಾಗಿದ ಮೋಡದ ಅಂಚೋ, ಅಷ್ಟು ಹೊತ್ತು ದುರ್ಬೀನು ಒತ್ತಿ ಹಿಡಿದ ಕಣ್ಣಿನ ಭ್ರಮೆಯೋ. ಎಲ್ಲರೂ ಕಾಯುತ್ತಿದ್ದರು. ನಾನು ಹೂಂ ಎಂದರೆ ಇನ್ನೊಬ್ಬನೂ ಹೌದೆನ್ನುತ್ತಾನೆ, ನಾಳೆ ಹಬ್ಬ. ಹೂಂ ಎಂದರೆ ಚಂದ್ರನ ಸಾಕ್ಷಿ ಈ ವರ್ಷವೂ ನಮ್ಮ ಮನೆಯಿಂದಲೇ ಹೋದಂತಾಗುತ್ತದೆ. ಉಸ್ತಾದನ ಕಣ್ಣು ಹೋದರೂ ಮಗನಿಗೆ ಬಂದಿದೆ ಎನ್ನುತ್ತಾರೆ. ಅಬ್ಬಾ ತಲೆ ತಗ್ಗಿಸಿ ನಿಂತಿದ್ದರು. ಅವರ ತಲೆ ಎತ್ತಿಸಲು ನನ್ನ ಒಂದು ಅಕ್ಷರ ಸಾಕಿತ್ತು. ಎಷ್ಟು ಆಸೆಯಾಯಿತೆಂದು ಈಗ ಹೇಳಲು ನಾಚಿಕೆಯಿಲ್ಲ.

"ಏನೋ ಗೀರು ಕಂಡಂಗ ಆತ್ರಿ," ಎಂದೆ. "ಚಂದ್ರ ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ರಿ."

ಅಷ್ಟೇ. ಬೇರೆ ಯಾರಿಗೂ ಕಾಣಲಿಲ್ಲ. ಮೋಡ ಪೂರ್ತಿ ಮುಚ್ಚಿತು. ಮೂವತ್ತನೆಯ ರೋಜಾ ಎಂದು ಮೌಲ್ವಿ ಸಾಹೇಬರು ಹೇಳಿದರು. ಜನ ನಿಟ್ಟುಸಿರು ಬಿಟ್ಟು ತಾಡಪತ್ರಿ ಮಡಚಿದರು. ಹಾದಿಯಲ್ಲಿ ಅಬ್ಬಾ ನನ್ನ ತೋಳು ಹಿಡಿದು ನಡೆದರು. ಎಷ್ಟು ತಿಂಗಳಿಂದ ಹಾಗೆ ಹಿಡಿಯಬೇಕು ಅನ್ನಿಸಿತ್ತೋ ಅವರಿಗೆ. ನಾನು ಆರಿಸಿದ ದುರ್ಬೀನಿನ ಬಗ್ಗೆ ಕ್ಷಮೆ ಕೇಳಹೋದೆ. "ಅದರ ಮಾತ ಬಿಡು. ಗುಂಡಿ ಎಲ್ಲೆ ಐತಿ ಹೇಳು," ಎಂದರು. ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಬ್ಬಾ, "ಕಾಣ್ಲಿಲ್ಲ ಅಂತ ಹೇಳಿ ಬಂದೆ," ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಅವರಿಗೆ ನೀರು ತಂದಳು.

ಅಂದು ಒಳ್ಳೆಯ ದುರ್ಬೀನು ಆರಿಸಿ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದರಲ್ಲಿ ಅವರಿಗೆ ಏನಾದರೊಂದು ಕಂಡು, ಬರಿಗಣ್ಣಿಗೂ ಕಂಡಿತು ಎಂಬ ಸುಳ್ಳು ಬಾಯಿಂದ ಹೊರಬೀಳುತ್ತಿತ್ತೋ ಏನೋ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೂ ಚಿಂತೆ ಮಾಡುವ ಜಾತಿ ನನ್ನದು.

ಹಬ್ಬ ಕಳೆದ ಮೇಲೆ ಇಬ್ಬರು ಗಿರಾಕಿಗಳು ರಿಪೇರಿಗೆ ಕೊಟ್ಟ ಗಡಿಯಾರ ವಾಪಸು ಒಯ್ದರು. ಉಳಿದವರು ಬಂದರು. ಅಬ್ಬಾ ಗಡಿಯಾರವನ್ನು ಕಿವಿಗಿಟ್ಟುಕೊಂಡು ರೋಗ ಹೇಳುತ್ತಿದ್ದರು, ನಾನು ಬಿಚ್ಚಿ ಮದ್ದು ಮಾಡುತ್ತಿದ್ದೆ. ಅವರ ಕಿವಿ ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ. ದುರ್ಬೀನೂ ವ್ಯರ್ಥವಾಗಲಿಲ್ಲ. ಬಿಸಿಲಿನ ಹೊತ್ತು ಅವರು ಕಟ್ಟೆಯ ಮೇಲೆ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ ಬೀದಿಯ ತುದಿಯವರೆಗೂ ನೋಡುತ್ತಿದ್ದರು. ದೂರದಲ್ಲಿ ಬರುವವರನ್ನು ಗುರುತು ಹಿಡಿದು, ಹತ್ತಿರ ಬರುವ ಮೊದಲೇ ಹೆಸರು ಹಿಡಿದು ಸಲಾಮು ಹೇಳಿ ಬೆರಗುಗೊಳಿಸುತ್ತಿದ್ದರು. ಹೊರಗಿನ ಕೆಲಸಕ್ಕೆ, ಮಟಮಟ ಮಧ್ಯಾಹ್ನಕ್ಕೆ, ಅದು ನಿಜಕ್ಕೂ ಒಳ್ಳೆಯ ದುರ್ಬೀನು.

ಮರುವರ್ಷದ ಇಪ್ಪತ್ತೊಂಬತ್ತನೆಯ ಸಂಜೆ ಮತ್ತೆ ದಿಬ್ಬ ಹತ್ತಿದೆವು. ಆಗಸ್ಟ್ ತಿಂಗಳು, ಊರ ಬೀದಿಗಳಲ್ಲಿ ಮೂರು ದಿನದ ಹಿಂದೆ ಕಟ್ಟಿದ್ದ ಹೊಸ ಬಾವುಟಗಳು ಮಳೆಗೆ ತೊಯ್ದು ಕೋಲಿಗೆ ಅಂಟಿದ್ದವು. ಎಲ್ಲೆಲ್ಲಿಂದಲೋ ಏನೇನೋ ಸುದ್ದಿ ಬರುತ್ತಿತ್ತು. ಎಲ್ಲರ ಎದೆಯೂ ಭಾರವಾಗಿತ್ತು. ಚಿಂತೆಯಲ್ಲಿ ಆ ವರ್ಷ ನನಗೆ ಜೊತೆಗಾರರಿದ್ದರು. ದುರ್ಬೀನು ಮನೆಯಲ್ಲೇ ಬಿಟ್ಟಿದ್ದೆ. ನಮಾಜು ಮುಗಿಸಿ ಎದ್ದು ನೋಡಿದರೆ ಎರಡು ಮೋಡಗಳ ನಡುವೆ ಅದು ಇತ್ತು. ಗೀರಲ್ಲ, ಭ್ರಮೆಯಲ್ಲ. ಕಣ್ಣು ಮಿಟುಕಿಸಿದೆ, ಇತ್ತು. ಮತ್ತೆ ನೋಡಿದೆ, ಇತ್ತು.

"ಕಂಡೀತ್ರಿ," ಎಂದೆ. ಎಲ್ಲರೂ ನುಗ್ಗಿ ಬರುವಷ್ಟರಲ್ಲಿ ಮೋಡ ಅಡ್ಡ ಬಂತು. ಕಂಡವರು ನಾನು, ಇನ್ನೊಬ್ಬ ಹಿರಿಯರು, ಇಬ್ಬರೇ. ಆ ಹಿರಿಯರ ಮಾತಿಗೆ ಯಾರೂ ಎದುರಾಡುವವರಿರಲಿಲ್ಲ. ಎರಡನೆಯ ಸಾಕ್ಷಿ ನನ್ನದು, ಅದು ಬಾಕಿ ಉಳಿಯಿತು. ಹಿಂದಿನ ವರ್ಷ ಹೂಂ ಊಹೂಂ ನಡುವೆ ತೂಗಾಡಿದವನು. ಸೀದಾ ನನ್ನನ್ನು ಕೇಳದೆ ಮೌಲ್ವಿ ಸಾಹೇಬರು ಅಬ್ಬಾ ಅವರ ಕಡೆ ತಿರುಗಿದರು.

"ಏನ್ರಿ ಉಸ್ತಾದ, ಮಗನ ಸಾಕ್ಷಿ ತಗೋಬಹುದೇನ್ರಿ?"

ಅಬ್ಬಾ ಆ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದವರಾಗಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

"ಹೋದ ವರ್ಷ ಇದ ಜಾಗಾದಾಗ, ನನ್ನ ಮಾನ ಉಳಸಾಕ ಇಂವ ಒಂದು ಹೂಂ ಅಂದಿದ್ರ ಸಾಕಾಗಿತ್ತು," ಎಂದರು. "ಅನ್ಲಿಲ್ಲ. ಇವತ್ತ ಅಂದಾನ. ತಗೋರಿ."

ತಗೊಂಡರು. ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವ ಗದ್ದಲದಲ್ಲಿ ಅಬ್ಬಾ ನನ್ನ ಕಿವಿಯ ಹತ್ತಿರ ಬಾಗಿ, "ಎಲ್ಲೆ ಇತ್ತು?" ಎಂದರು. ನಾನು ಅವರ ಗದ್ದ ಹಿಡಿದು, ಮುಖವನ್ನು ಅತ್ತ ತಿರುಗಿಸಿ, ಸ್ವಲ್ಪ ಮೇಲಕ್ಕೆ ಎತ್ತಿದೆ. ಅವರು ಆ ಕಡೆಗೇ ನೋಡುತ್ತ ಬಹಳ ಹೊತ್ತು ನಿಂತರು. ಕಂಡಿತೇ ಎಂದು ನಾನು ಕೇಳಲಿಲ್ಲ. ಅವರೂ ಕಂಡಿತು ಎನ್ನಲಿಲ್ಲ.